ಎರಡು ಕೆಂಪು ಬಟನ್

"ಪುಟ್ಟಿ, ಟಿವಿ ನೀಲಿ ಆಗೈತೆ."

ಮಧ್ಯಾಹ್ನದ ಊಟದ ಬೆಲ್ ಹೊಡೆದು ಐದು ನಿಮಿಷ ಆಗಿತ್ತು. ನಾನು ಹರಿಹರದ ಶಾಲೆಯ ಸ್ಟಾಫ್ ರೂಮಿನಲ್ಲಿ ಬುತ್ತಿ ಬಿಚ್ಚುತ್ತಿದ್ದೆ. ಅವ್ವ ದಾವಣಗೆರೆಯಲ್ಲಿ, ನಿಟ್ಟುವಳ್ಳಿಯ ಮನೆಯಲ್ಲಿ ಒಬ್ಬಳೇ.

"ಯಾವ ರಿಮೋಟ್ ಹಿಡ್ಕೊಂಡಿದೀಯ ಅವ್ವ?"

"ಕರೇದು."

ಎರಡೂ ಕರಿಯವೇ.

"ರಬ್ಬರ್ ಬ್ಯಾಂಡ್ ಹಾಕಿರೋದು ತಗೋ. ಮೇಲೆ ಎರಡು ಕೆಂಪು ಬಟನ್ ಅದಾವಲ್ಲ, ಅದರಲ್ಲಿ ಬಲಗಡೇದು ಒತ್ತು. ಒಂದೇ ಸಲ. ಒತ್ತಿ ಸುಮ್ನೆ ಕಾಯಿ."

"ಒತ್ತಿದೆ. ಏನೂ ಆಗ್ಲಿಲ್ಲ."

"ಕಾಯಿ ಅವ್ವ."

"ಏನೂ ಇಲ್ಲಲ್ಲೇ. ಇನ್ನೊಂದು ಸಲ ಒತ್ತಿದೀನಿ ನೋಡು."

ಅಲ್ಲಿಗೆ ಮುಗಿಯಿತು. ಮೊದಲ ಸಲ ಒತ್ತಿದಾಗ ಕೇಬಲ್‌ನ ಸೆಟ್‌ಟಾಪ್ ಬಾಕ್ಸ್ ಏಳಲು ಶುರು ಮಾಡಿತ್ತು. ಎರಡನೇ ಸಲಕ್ಕೆ ಮತ್ತೆ ಮಲಗಿತು. ನಾವಿಬ್ಬರೂ ಮತ್ತೆ ಮೊದಲಿಂದ ಹೊರಟೆವು. ಹತ್ತು ನಿಮಿಷ ಹೀಗೇ ನಡೆಯಿತು. ಕೊನೆಗೆ ಅವ್ವ, "ಹೋಗ್ಲಿ ಬಿಡು, ನನಗೇ ಬುದ್ಧಿ ಇಲ್ಲ. ನೀನು ಉಣ್ಣು ಹೋಗು" ಅಂತ ಫೋನಿಟ್ಟಳು.

ಆ ಮಾತು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತು. ಮಧ್ಯಾಹ್ನದ ಎರಡು ಪೀರಿಯಡ್ ಹೇಗೆ ಕಳೆದೆನೋ ಗೊತ್ತಿಲ್ಲ. ಯಾಕೆಂದರೆ ಅವ್ವ ಯಂತ್ರಕ್ಕೆ ಹೆದರುವ ಹೆಂಗಸಲ್ಲ. ಅಪ್ಪ ಕೆಲಸ ಮಾಡುತ್ತಿದ್ದ ಹತ್ತಿ ಮಿಲ್ಲು ಮುಚ್ಚಿದ ಮೇಲೆ ನಮ್ಮ ಮನೆ ನಡೆದದ್ದೇ ಅವಳ ಹೊಲಿಗೆ ಮಿಷನ್ ಮೇಲೆ. ಓಣಿಯ ಅರ್ಧ ಹೆಂಗಸರ ಜಂಪರು ಅವಳ ಕೈಯಲ್ಲೇ ಹೊಲಿದದ್ದು. ಮಿಷನ್ ಕೆಟ್ಟರೆ ಯಾರನ್ನೂ ಕರೆಯುತ್ತಿರಲಿಲ್ಲ. ಬಾಬಿನ್ ಬಿಚ್ಚಿ, ಸಿಕ್ಕಿದ ದಾರದ ಎಳೆ ತೆಗೆದು, ಎರಡು ಹನಿ ಎಣ್ಣೆ ಬಿಟ್ಟು, ಕಿವಿ ಹತ್ತಿರ ಹಿಡಿದು ಚಕ್ರ ತಿರುಗಿಸಿ ನೋಡುತ್ತಿದ್ದಳು. ಸದ್ದಿನಲ್ಲೇ ಅವಳಿಗೆ ರೋಗ ಗೊತ್ತಾಗುತ್ತಿತ್ತು. ಅಂಥವಳು ಅಂಗೈ ಅಗಲದ ಪ್ಲಾಸ್ಟಿಕ್ ಪಟ್ಟಿಯ ಮುಂದೆ ಕೂತು ನನಗೆ ಬುದ್ಧಿ ಇಲ್ಲ ಅಂತಾಳೆ ಅಂದರೆ ತಪ್ಪು ಯಾರದು?

ಆ ಸಂಜೆ ಮನೆಗೆ ಬಂದು ರಿಮೋಟನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದು ಕೂತೆ. ಮೊದಲ ಸಲ ಅದನ್ನು ಸರಿಯಾಗಿ ನೋಡಿದೆ ಅನ್ನಬೇಕು. 44 ಬಟನ್. ಅವ್ವನಿಗೆ ಬೇಕಾದ್ದು ಎಷ್ಟು? ಹಚ್ಚುವುದು, ಆರಿಸುವುದು, ಸದ್ದು ಏರಿಸುವುದು, ಇಳಿಸುವುದು, ನಂಬರಿನ ಹತ್ತು ಬಟನ್. ಉಳಿದ ಮೂವತ್ತು ಯಾರಿಗೆ? ಕೆಳಗೆ ಕೆಂಪು, ಹಸಿರು, ಹಳದಿ, ನೀಲಿ ಅಂತ ನಾಲ್ಕು ಬಣ್ಣದ ಬಟನ್ ಇವೆ. ಈ ಬಾಕ್ಸ್ ನಮ್ಮ ಮನೆಗೆ ಬಂದ ದಿನದಿಂದ ಅವನ್ನು ಒತ್ತಿ ಏನಾದರೂ ಆದದ್ದು ನಾನು ನೋಡಿಲ್ಲ. ಆದರೆ ಇಡೀ ರಿಮೋಟಿನಲ್ಲಿ ಕಣ್ಣಿಗೆ ಹೊಡೆಯುವ ಬಟನ್ ಅವೇ. ಬೇಕಾದ ಬಟನ್‌ಗಳ ಮೇಲಿನ ಅಕ್ಷರ ಮಾತ್ರ ಬೂದಿ ಬಣ್ಣದ ಮೇಲೆ ಬಿಳಿ, ಸಾಸಿವೆ ಕಾಳಿನಷ್ಟು. ಅವ್ವನಿಗೆ ಒಂದು ಕಣ್ಣಿನ ಪೊರೆ ತೆಗೆಸಿದೆ, ಇನ್ನೊಂದು ಬಾಕಿ.

ತಲೆಯ ಮೇಲೆ ಆ ಎರಡು ಕೆಂಪು ಬಟನ್. ಒಂದೇ ಅಳತೆ, ಒಂದೇ ಬಣ್ಣ, ಒಂದೇ ಚಿಹ್ನೆ. ಎಡಗಡೆಯದು ಟಿವಿಗೆ, ಬಲಗಡೆಯದು ಬಾಕ್ಸಿಗೆ. ಟಿವಿಯ ರಿಮೋಟಿನ ಸಂಕೇತವನ್ನು ಈ ರಿಮೋಟಿಗೆ ಕಲಿಸಿಕೊಟ್ಟರೆ ಒಂದರಲ್ಲೇ ಎರಡನ್ನೂ ನಡೆಸಬಹುದು ಅನ್ನುವುದು ಯೋಚನೆ. ಯೋಚನೆ ಒಳ್ಳೆಯದೇ. ಆದರೆ ಒಂದರ ಪಕ್ಕ ಒಂದು ಅವಳಿ ಮಕ್ಕಳ ಹಾಗೆ ಕೂರಿಸಿದರೆ ಗುರುತು ಹಿಡಿಯುವುದು ಹೇಗೆ?

ಈ ಎರಡು ಬಟನ್‌ಗಳ ಹಿಂದೆ ಇನ್ನೂ ಆಳದ ಒಂದು ತೊಡಕಿದೆ. ರಿಮೋಟ್ ಅನ್ನುವುದು ಒಂದೇ ದಿಕ್ಕಿನ ಮಾತು. ಮುಂದಿರುವ ಚಿಕ್ಕ ಎಲ್‌ಇಡಿ ನಮ್ಮ ಕಣ್ಣಿಗೆ ಕಾಣದ ಇನ್ಫ್ರಾರೆಡ್ ಬೆಳಕನ್ನು ಮಿಣುಕಿಸುತ್ತದೆ. ಹೆಚ್ಚಿನ ರಿಮೋಟುಗಳಲ್ಲಿ ಅದು ಸೆಕೆಂಡಿಗೆ ಸುಮಾರು 38,000 ಸಲ ಮಿಣುಕುವ ಬೆಳಕು. ಅದನ್ನು ತಡೆತಡೆದು ಬಿಟ್ಟು ಸಂಕೇತ ಮಾಡುತ್ತಾರೆ. ಬಾಕ್ಸ್ ಅದನ್ನು ಓದುತ್ತದೆ, ಆದರೆ ತಿರುಗಿ ಏನೂ ಹೇಳುವುದಿಲ್ಲ. ಬಾಕ್ಸ್ ಎದ್ದಿದೆಯೋ ಮಲಗಿದೆಯೋ ರಿಮೋಟಿಗೆ ಗೊತ್ತಿಲ್ಲ. ಏಳು ಅನ್ನುವುದಕ್ಕೂ ಮಲಗು ಅನ್ನುವುದಕ್ಕೂ ಅದು ಕಳಿಸುವುದು ಅದೇ ಒಂದು ಸಂಕೇತ. ಟಿವಿದೂ ಅದೇ ಕಥೆ. ಹಾಗಾಗಿ ಒಂದು ಸಲ ತಾಳ ತಪ್ಪಿತು ಅಂದರೆ ಟಿವಿ ಎದ್ದಾಗ ಬಾಕ್ಸ್ ಮಲಗಿರುತ್ತದೆ, ಬಾಕ್ಸ್ ಎದ್ದಾಗ ಟಿವಿ ಮಲಗಿರುತ್ತದೆ.

ಆಗ ಪರದೆ ಏನು ಹೇಳುತ್ತದೆ? 'ನೋ ಸಿಗ್ನಲ್'. ಇಂಗ್ಲಿಷಿನಲ್ಲಿ. ಇದನ್ನು ಹೇಳುತ್ತಿರುವುದು ಬಾಕ್ಸ್ ಅಲ್ಲ, ಟಿವಿ. ಅದಕ್ಕೆ ಗೊತ್ತಿರುವುದು ಇಷ್ಟೇ, ನನ್ನ ಹಿಂದಿನ ವೈರಿನಿಂದ ಏನೂ ಬರುತ್ತಿಲ್ಲ. ಬಾಕ್ಸ್ ಮಲಗಿದೆ, ಅದನ್ನು ಎಬ್ಬಿಸಿ ಅಂತ ಅದಕ್ಕೆ ಹೇಳಲು ಬರುವುದಿಲ್ಲ. ಅವ್ವ ಏಳನೇ ತರಗತಿಯವರೆಗೆ ಕನ್ನಡದಲ್ಲಿ ಓದಿದವಳು. ಪಕ್ಕದ ಮನೆಯ ಹುಡುಗಿ ಓದಿ ಹೇಳಿದಳಂತೆ, ಸಿಗ್ನಲ್ ಇಲ್ಲ ಅಜ್ಜಿ ಅಂತ. ಸಿಗ್ನಲ್ ಇಲ್ಲ ಅಂದರೆ ಕೇಬಲ್ ಹೋಗಿದೆ ಅಂತ ಅರ್ಥ ತಾನೇ? ಅವ್ವ ಕೇಬಲ್ ಹುಡುಗನಿಗೆ ಫೋನ್ ಮಾಡಿದಳು. ಅವನು ಬಿಸಿಲಲ್ಲಿ ಬೈಕ್ ಹೊಡೆದುಕೊಂಡು ಬಂದು ಒಂದು ಬಟನ್ ಒತ್ತಿ ಹೋದ. "ದಿನಾ ನಾಲ್ಕೈದು ಮನೆಗೆ ಇದಕ್ಕೇ ಹೋಗ್ತೀನಿ ಅಜ್ಜಿ" ಅಂದನಂತೆ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಅವನ ದಿನವನ್ನೂ ಈ ಬಾಕ್ಸ್ ತಿನ್ನುತ್ತಿದೆ.

ಈ ಬಾಕ್ಸಿನೊಳಗಿಂದ ಹತ್ತಾರು ಕನ್ನಡ ಚಾನೆಲ್ ಬರುತ್ತವೆ. ಸುದ್ದಿ, ಧಾರಾವಾಹಿ, ಅಡುಗೆ, ಪ್ರವಚನ. ಆದರೆ ಬಾಕ್ಸಿಗೆ ಸ್ವಂತವಾಗಿ ಒಂದು ಸಾಲು ಕನ್ನಡ ಬರುವುದಿಲ್ಲ. ನಮ್ಮ ಬಾಕ್ಸಿನ ಮೆನು ಪೂರ್ತಿ ಹುಡುಕಿದೆ. ಭಾಷೆ ಆರಿಸುವ ಜಾಗ ಇದೆ, ಅದರಲ್ಲಿ ಕನ್ನಡ ಇಲ್ಲ. ದಾವಣಗೆರೆಯ ಓಣಿಯಲ್ಲಿ ಮಾರುವ ವಸ್ತು ದಾವಣಗೆರೆಯ ಮಾತಾಡಬೇಕು ಅನ್ನುವುದು ದೊಡ್ಡ ಆಸೆಯಲ್ಲ, ಅಲ್ವಾ? ಕಿರಾಣಿ ಅಂಗಡಿಯ ಮಸಾಲೆ ಪೊಟ್ಟಣದ ಮೇಲೂ ಕನ್ನಡ ಇರುತ್ತದೆ.

ಹಿಂದೆ ಹೀಗಿರಲಿಲ್ಲ. ಅಪ್ಪ ತಂದ ಕಪ್ಪು ಬಿಳುಪಿನ ಟಿವಿಗೆ ತಿರುಗಿಸುವ ಗುಬ್ಬಿ ಇತ್ತು. ಟಕ್ ಅಂತ ತಿರುಗಿಸಿದರೆ ಟಕ್ ಅಂತ ಚಾನೆಲ್ಲು. ಕೈಗೂ ಗೊತ್ತಾಗುತ್ತಿತ್ತು, ಕಿವಿಗೂ ಗೊತ್ತಾಗುತ್ತಿತ್ತು. ಆಮೇಲೆ ಕೇಬಲ್ ಬಂತು. 1994ರಲ್ಲಿ ಉದಯ ಟಿವಿ ಶುರುವಾದ ಮೇಲೆ ಮನೆ ಮನೆಗೂ ಕೇಬಲ್ ಎಳೆಸುವ ಅವಸರ. ಆಗಲೂ ವೈರು ನೇರವಾಗಿ ಟಿವಿಯ ಬೆನ್ನಿಗೆ ಹೋಗುತ್ತಿತ್ತು. ಚಾನೆಲ್ ಹಿಡಿಯುವ ಕೆಲಸ ಟಿವಿಯದೇ. ಒಂದು ಟಿವಿ, ಒಂದು ರಿಮೋಟು. ಅವ್ವ ಬೇಳೆ ಆರಿಸುತ್ತ, ಕಾಜಾ ಬಟನ್ ಮಾಡುತ್ತ, ನೋಡದೆಯೇ ಚಾನೆಲ್ ಬದಲಿಸುತ್ತಿದ್ದಳು.

ಆಮೇಲೆ ಕೇಬಲ್ ಡಿಜಿಟಲ್ ಆಗಬೇಕು ಅಂತ ಕಾನೂನು ಬಂತು. 2011ರಲ್ಲಿ ಕೇಬಲ್ ಕಾಯ್ದೆಗೆ ತಿದ್ದುಪಡಿ ಆಯಿತು. ಬೆಂಗಳೂರು, ಮೈಸೂರು ಎರಡನೇ ಹಂತದಲ್ಲಿ, 2013ರ ಮಾರ್ಚ್ 31ರೊಳಗೆ. ನಮ್ಮಂಥ ಉಳಿದ ಪಟ್ಟಣಗಳು ಮೂರನೇ ಹಂತ, 2015ರ ಡಿಸೆಂಬರ್ 31. ಅದರಲ್ಲಿ ಲಾಭವೂ ಇದೆ, ಇಲ್ಲ ಅನ್ನುವುದಿಲ್ಲ. ಹಳೆಯ ಒಂದು ಚಾನೆಲ್ ಹಿಡಿಯುತ್ತಿದ್ದ ಜಾಗದಲ್ಲಿ ಈಗ ಹತ್ತು ಹನ್ನೆರಡು ಚಾನೆಲ್ ಕಳಿಸಬಹುದು. ಚಿತ್ರ ಸ್ವಚ್ಛ. ಇರುವೆ ಮುತ್ತಿದ ಹಾಗೆ ಚುಕ್ಕೆ ಬರುವುದಿಲ್ಲ. ಆದರೆ ಹಾಗೆ ಒತ್ತಿ ತುಂಬಿದ್ದನ್ನು ಬಿಚ್ಚಲು ಒಂದು ಬಾಕ್ಸ್ ಬೇಕಾಯಿತು. ಅಲ್ಲಿಂದ ಎರಡು ಯಂತ್ರ, ಎರಡು ರಿಮೋಟು, ಎರಡು ವಾಲ್ಯೂಮು.

ಆ ಎರಡು ವಾಲ್ಯೂಮಿನ ಕಾಟ ಬೇರೆಯೇ. ಬಾಕ್ಸಿನ ಸದ್ದು ಕಮ್ಮಿ ಇಟ್ಟು ಟಿವಿಯದು ಪೂರ್ತಿ ಏರಿಸಿರುತ್ತೇವೆ. ಕರೆಂಟು ಹೋಗಿ ಬಂದರೆ ಬಾಕ್ಸ್ ತನ್ನ ಸದ್ದನ್ನು ತಾನೇ ಬದಲಿಸಿಕೊಂಡು, ಯಾವುದೋ ಜಾಹೀರಾತಿನ ಚಾನೆಲ್ ಹಾಕಿಕೊಂಡು ಏಳುತ್ತದೆ. ರಾತ್ರಿ ಹನ್ನೊಂದಕ್ಕೆ ಒಮ್ಮೆ ಹೀಗೆ ಕೂಗಿಕೊಂಡಾಗ ಅವ್ವ ಎದೆ ಹಿಡಿದುಕೊಂಡು ಎದ್ದಿದ್ದಳು. ಅಂದಿನಿಂದ ಮಲಗುವಾಗ ಗೋಡೆಯ ಸ್ವಿಚ್ಚೇ ಆರಿಸುತ್ತಾಳೆ. ಹಾಗೆ ಆರಿಸಿದರೆ ಬೆಳಗ್ಗೆ ಬಾಕ್ಸ್ ಏಳಲು ಮೂರು ನಿಮಿಷ. ಅಷ್ಟರಲ್ಲಿ ಅವಳ ಬೆಳಗಿನ ಪ್ರವಚನದ ಮೊದಲ ಭಾಗ ಹೋಗಿರುತ್ತದೆ.

ಬಟನ್ ಒತ್ತಿದ ಮೇಲೆ ತಡವಾಗುವುದು ಯಾಕೆ ಅಂತ ಅವ್ವ ಒಂದು ದಿನ ಕೇಳಿದಳು. ನಾನು ವಿಜ್ಞಾನದ ಟೀಚರ್. ಉತ್ತರ ಕೊಡಬೇಕು. ಅವಳ ಹೊಲಿಗೆಯ ಭಾಷೆಯಲ್ಲೇ ಹೇಳಿದೆ. ಟಿವಿಗೆ ಪ್ರತಿ ಸಲವೂ ಪೂರ್ತಿ ಬಟ್ಟೆ ಕಳಿಸುವುದಿಲ್ಲ ಅವ್ವ. ಒಮ್ಮೆ ಪೂರ್ತಿ ಚಿತ್ರ ಕಳಿಸುತ್ತಾರೆ. ಆಮೇಲೆ ಎಲ್ಲಿ ಬದಲಾಯಿತೋ ಅಷ್ಟು ತೇಪೆ ಮಾತ್ರ. ಸ್ವಲ್ಪ ಹೊತ್ತಿಗೆ ಮತ್ತೆ ಒಂದು ಪೂರ್ತಿ ಚಿತ್ರ. ನೀನು ಚಾನೆಲ್ ಬದಲಿಸಿದಾಗ ನಡುವೆ ಬರುವ ತೇಪೆ ಹಿಡಿದುಕೊಂಡು ಬಾಕ್ಸ್ ಏನು ಮಾಡೀತು? ಮುಂದಿನ ಪೂರ್ತಿ ಚಿತ್ರ ಬರುವ ತನಕ ಕಾಯಬೇಕು. ಜೊತೆಗೆ ದುಡ್ಡಿನ ಚಾನೆಲ್‌ಗೆ ಬೀಗ ಹಾಕಿರುತ್ತಾರೆ, ಅದರ ಕೀಲಿಯ ಸಂಕೇತವೂ ಕೈಗೆ ಬರಬೇಕು.

ಅವ್ವ ಗಮನವಿಟ್ಟು ಕೇಳಿದಳು. ಆಮೇಲೆ ಅಂದಳು, "ಹಂಗಾರೆ ಕಾಯಿ ಅಂತ ಹೇಳಬೇಕಪ್ಪ ಅದು. ಗಿರಾಕಿ ಬಾಗಿಲಲ್ಲಿ ನಿಂತಾಗ ನಾನು ಹೊಲೀತಾ ಇದ್ರೂ 'ಬಂದೆ' ಅಂತೀನಿ. ಉಸಿರೇ ಎತ್ತದಿದ್ರೆ ಅವರು ಮತ್ತೆ ಬಾಗಿಲು ಬಡೀತಾರೆ."

ಇದಕ್ಕಿಂತ ಸರಿಯಾದ ಮಾತು ಎಂಜಿನಿಯರ್ ಬಾಯಲ್ಲಿಯೂ ಬರಲಾರದು. ತಡವಾಗುವುದು ತಪ್ಪಲ್ಲ. ಒತ್ತಿದ್ದು ಕೇಳಿಸಿತು ಅಂತ ಹೇಳದೇ ಇರುವುದು ತಪ್ಪು. ಬಾಕ್ಸಿನ ಮುಖದ ಮೇಲೆ ಒಂದು ದೀಪ ಮಿನುಗಿದರೆ ಸಾಕು. ಪರದೆಯ ಮೂಲೆಯಲ್ಲಿ ಒಂದು ಗುರುತು ಬಂದರೆ ಸಾಕು. ಇದಕ್ಕೆ ದುಡ್ಡೂ ಬೇಡ. ಅವ್ವನಂಥವಳು ಬಟನ್ ಒತ್ತಿ ಒಂದು, ಎರಡು, ಮೂರು ಎಣಿಸುತ್ತ ಕೂತಿರುತ್ತಾಳೆ ಅಂತ ಯಾರಾದರೂ ಒಮ್ಮೆ ನೆನೆದಿದ್ದರೆ ಆಗುತ್ತಿತ್ತು.

ಯಾರೂ ಯಾಕೆ ನೆನೆಯಲಿಲ್ಲ? ಇದರ ಬಗ್ಗೆ ನಾನು ತುಂಬ ಯೋಚಿಸಿದ್ದೇನೆ. ನನಗೆ ಅನ್ನಿಸುವುದು ಇದು. ಮಿಕ್ಸಿ ಕೊಳ್ಳಲು ಹೋದರೆ ಅವ್ವ ಅಂಗಡಿಯಲ್ಲಿ ನಾಲ್ಕು ಮಿಕ್ಸಿ ತಿರುಗಿಸಿ ನೋಡುತ್ತಾಳೆ. ಗುಂಡಿ ಬಿಗಿ ಇದ್ದರೆ ಬೇಡ ಅಂತಾಳೆ. ಮಿಕ್ಸಿ ಮಾಡುವವರಿಗೆ ಅವಳ ಕೈಯ ಭಯ ಇದೆ. ಬಾಕ್ಸನ್ನು ಅವಳು ಆರಿಸಲಿಲ್ಲ. ಕೇಬಲ್‌ನವರು ಸಾವಿರಗಟ್ಟಲೆ ಒಟ್ಟಿಗೆ ತರಿಸುತ್ತಾರೆ, ಒಂದು ನಮ್ಮ ಮನೆಗೆ ಬರುತ್ತದೆ. ತರಿಸುವವರು ನೋಡುವುದು ಬೆಲೆ ಎಷ್ಟು, ಬೀಗದ ವ್ಯವಸ್ಥೆ ಗಟ್ಟಿಯಿದೆಯಾ ಅಂತ. ಕೊಳ್ಳುವ ಕೈ ಒಂದು, ಒತ್ತುವ ಹೆಬ್ಬೆರಳು ಇನ್ನೊಂದು. ಆ ಹೆಬ್ಬೆರಳಿನ ಮಾತು ಮೇಲಕ್ಕೆ ಹೋಗುವ ದಾರಿಯೇ ಇಲ್ಲ.

ಚೆನ್ನಾಗಿಲ್ಲ ಅಂತ ಅಂಗಡಿಗೆ ಹೋಗಿ ನಮಗೆ ಬೇಕಾದ ಬಾಕ್ಸ್ ತರುವ ಹಾಗೂ ಇಲ್ಲ. ಇವರ ಕೇಬಲ್‌ಗೆ ಇವರದೇ ಬಾಕ್ಸ್. ಆಪರೇಟರ್ ಬದಲಿಸಿದರೆ ಹಳೆಯ ಬಾಕ್ಸ್ ಅಟ್ಟಕ್ಕೆ. 2011ರ ಜನವರಿಯಿಂದ ದೇಶದ ಎಲ್ಲ ಕಡೆಯೂ ನಂಬರ್ ಅದೇ ಇಟ್ಟುಕೊಂಡು ಮೊಬೈಲ್ ಕಂಪನಿ ಬದಲಿಸಬಹುದು. ಫೋನ್ ಅಂತೂ ನಮ್ಮದೇ, ಯಾವ ಸಿಮ್ ಹಾಕಿದರೂ ನಡೆಯುತ್ತದೆ. ಬಾಕ್ಸಿಗೂ ಹೀಗೇ ಆಗಬೇಕು, ಒಂದೇ ಬಾಕ್ಸ್ ಎಲ್ಲ ಕಂಪನಿಗೂ ಹೊಂದಬೇಕು ಅಂತ ಫೋನು, ಕೇಬಲ್‌ಗಳ ನಿಯಮ ಮಾಡುವ ಟ್ರಾಯ್ ಸಂಸ್ಥೆ 2020ರ ಏಪ್ರಿಲ್‌ನಲ್ಲಿ ಸರ್ಕಾರಕ್ಕೆ ಶಿಫಾರಸು ಮಾಡಿತು. ಅದನ್ನು ಓದಿದ ದಿನ ನನಗೆ ನಿಜವಾಗಿ ಖುಷಿಯಾಗಿತ್ತು. ನಮ್ಮ ಮನೆಯ ಟಿವಿ ಸ್ಟ್ಯಾಂಡಿನ ಮೇಲೆ ಇವತ್ತಿಗೂ ಇರುವುದು ಕೇಬಲ್‌ನವರು ಕೊಟ್ಟ ಬಾಕ್ಸೇ. 2019ರ ಹೊಸ ನಿಯಮ ಬಂದಾಗ ಬೇಕಾದ ಚಾನೆಲ್ ಆರಿಸಿಕೊಳ್ಳುವ ಹಕ್ಕು ಸಿಕ್ಕಿತು. ಅವ್ವ ಕನ್ನಡಕ ಹಾಕಿಕೊಂಡು ಪಟ್ಟಿ ಮಾಡಿಸಿದ್ದಳು. ಬಾಕ್ಸ್ ಆರಿಸುವ ಹಕ್ಕು ಮಾತ್ರ ಅವಳ ಕೈಗೆ ಬರಲಿಲ್ಲ.

ನಾವು ಮನೆಯಲ್ಲಿ ಮಾಡಿಕೊಂಡದ್ದನ್ನು ಹೇಳುತ್ತೇನೆ. ಯಾರ ಮನೆಯಲ್ಲಾದರೂ ಇಂಥ ಅವ್ವ ಇದ್ದರೆ ಉಪಯೋಗಕ್ಕೆ ಬರಬಹುದು.

ಮೊದಲು ರಿಮೋಟ್ ಬಿಚ್ಚಿದೆವು. ಒಳಗೆ ರಬ್ಬರಿನ ಹಾಳೆ, ಪ್ರತಿ ಬಟನ್ ಕೆಳಗೆ ಕರಿ ಇದ್ದಿಲಿನಂಥ ಚುಕ್ಕೆ. ಒತ್ತಿದಾಗ ಆ ಚುಕ್ಕೆ ಕೆಳಗಿನ ಎರಡು ಗೆರೆಗಳನ್ನು ಸೇರಿಸುತ್ತದೆ. ಜಾಸ್ತಿ ಬಳಸಿದ ಬಟನ್‌ನ ಚುಕ್ಕೆ ಸವೆದು, ಅಡುಗೆಮನೆಯ ಜಿಡ್ಡು ಕೂತಿತ್ತು. ಮೆತ್ತನೆ ಬಟ್ಟೆಯಲ್ಲಿ ಒರೆಸಿದೆವು. ಅವ್ವ ಇದನ್ನು ನೋಡಿ, "ಇಷ್ಟೇನಾ ಒಳಗಿರೋದು?" ಅಂದಳು. ಆ ಧ್ವನಿಯಲ್ಲಿ ಹಳೆಯ ಅವ್ವ ಕೇಳಿಸಿದಳು, ಬಾಬಿನ್ ಬಿಚ್ಚುತ್ತಿದ್ದ ಅವ್ವ.

ಆಮೇಲೆ ಮೊಬೈಲಿನ ಸೆಲ್ಫಿ ಕ್ಯಾಮೆರಾ ತೆರೆದು ರಿಮೋಟನ್ನು ಅದರ ಮುಂದೆ ಹಿಡಿದು ಒತ್ತಿಸಿದೆ. ಕಣ್ಣಿಗೆ ಕಾಣದ ಬೆಳಕು ಕ್ಯಾಮೆರಾಕ್ಕೆ ಕಾಣುತ್ತದೆ. ಪರದೆಯ ಮೇಲೆ ನೇರಳೆ ಬಣ್ಣದ ಬೆಳಕು ಮಿಣಮಿಣ ಅಂತು. ಅವ್ವ ಮತ್ತೆ ಮತ್ತೆ ಒತ್ತಿ ನೋಡಿದಳು. "ಅಂದ್ರೆ ನಾನು ಒತ್ತಿದ್ದು ಹೋಗ್ತಿತ್ತು. ಡಬ್ಬೀನೇ ಕೇಳಿಸ್ಕೊತಿರಲಿಲ್ಲ." ಈಗ ತೊಂದರೆ ಬಂದರೆ ಮೊದಲು ಇದನ್ನೇ ಮಾಡುತ್ತಾಳೆ. ಬೆಳಕು ಬಂದರೆ ರಿಮೋಟು ಸರಿ, ಬರದಿದ್ದರೆ ಸೆಲ್ಲು ಬದಲಿಸಬೇಕು.

ಸುಲಭದ ದಾರಿ ಇನ್ನೊಂದಿದೆ. ಚಿತ್ರ, ಸದ್ದು ಎರಡನ್ನೂ ಒಂದರಲ್ಲೇ ಒಯ್ಯುವ ಎಚ್‌ಡಿಎಂಐ ವೈರಿನಲ್ಲಿ ಟಿವಿಗೂ ಬಾಕ್ಸಿಗೂ ಮಾತಾಡಿಕೊಳ್ಳುವ ಸಿಇಸಿ ಅನ್ನುವ ಏರ್ಪಾಡು ಇದೆ. ಅದು ಎರಡರಲ್ಲೂ ಇದ್ದರೆ ಒಂದು ಎದ್ದಾಗ ಇನ್ನೊಂದೂ ಏಳುತ್ತದೆ. ಎಷ್ಟೋ ಟಿವಿಗಳಲ್ಲಿ ಅದು ಬೇರೆ ಹೆಸರಿನಲ್ಲಿ ಮೆನುವಿನ ಒಳಗೆ ಅಡಗಿರುತ್ತದೆ, ಹುಡುಕಿ ಆನ್ ಮಾಡಬೇಕು. ನಮ್ಮ ಟಿವಿಯಲ್ಲಿ ಇದೆ. ಬಾಕ್ಸ್ ಹಳೆಯದು, ಹಳದಿ, ಕೆಂಪು, ಬಿಳಿ ಪಿನ್ನಿನ ವೈರಿನದು. ಹಾಗಾಗಿ ನಮಗೆ ಆ ಭಾಗ್ಯ ಇರಲಿಲ್ಲ.

ಉಳಿದದ್ದು ಕೈಕೆಲಸ. ರಟ್ಟು ಕತ್ತರಿಸಿ ರಿಮೋಟಿಗೆ ಒಂದು ಹೊದಿಕೆ ಮಾಡಿದೆವು. ಅಳತೆ ತೆಗೆದು ಕತ್ತರಿಸಿದ್ದು ಅವ್ವನೇ, ಕುತ್ತಿಗೆ ಪಟ್ಟಿ ಕತ್ತರಿಸುವಷ್ಟು ನಾಜೂಕಾಗಿ. ಬೇಕಾದ ಬಟನ್‌ಗೆ ಮಾತ್ರ ಕಿಂಡಿ. ಬಾಕ್ಸಿನ ಕೆಂಪು ಬಟನ್ ಮೇಲೆ ನನ್ನ ನೇಲ್ ಪಾಲಿಶಿನ ದಪ್ಪ ಬೊಟ್ಟು. ಟಿವಿಯನ್ನು ಹಚ್ಚಲು, ಆರಿಸಲು ಗೋಡೆಯ ಸ್ವಿಚ್ಚು ಸಾಕು ಅಂತ ಟಿವಿಯ ಬಟನ್ ಮುಚ್ಚಿಬಿಟ್ಟೆವು. ಟಿವಿಯ ರಿಮೋಟು ಬೀರು ಸೇರಿತು. ಸಂಖ್ಯೆಗಳಲ್ಲಿ 5ರ ಮೇಲೆ ಒಂದು ಚಿಕ್ಕ ಉಬ್ಬು ಇರುತ್ತದೆ, ಕಣ್ಣು ಕಾಣದವರೂ ಹೆಬ್ಬೆರಳಲ್ಲಿ ಹುಡುಕಿಕೊಳ್ಳಲಿ ಅಂತ. ರಿಮೋಟಿನಲ್ಲಿ ಯಾರೋ ಮನಸ್ಸಿಟ್ಟು ಮಾಡಿದ್ದು ಅದೊಂದೇ. ಅವ್ವನಿಗೆ ತೋರಿಸಿದೆ. ಅಲ್ಲಿಂದ ಮೇಲೆ, ಕೆಳಗೆ, ಆಚೆ, ಈಚೆ ಅಂತ ಎರಡೇ ದಿನದಲ್ಲಿ ಹತ್ತೂ ಅಂಕಿ ಅವಳ ಬೆರಳಿಗೆ ಬಂದವು. ಚಾನೆಲ್ ನಂಬರುಗಳನ್ನು ಕನ್ನಡ ಅಂಕಿಯಲ್ಲಿ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿದೆ. ನಡುವೆ ಒಮ್ಮೆ ಕೇಬಲ್‌ನವರು ಎಲ್ಲ ನಂಬರೂ ಬದಲಿಸಿದರು. ಹೇಳದೆ, ಕೇಳದೆ. ಆ ವಾರ ಮತ್ತೆ ಮಧ್ಯಾಹ್ನದ ಫೋನು ಬಂತು. ಹೊಸ ಚೀಟಿ ಅಂಟಿಸಿದೆವು.

ಏಳೆಂಟು ತಿಂಗಳು ನೆಮ್ಮದಿ. ಕಳೆದ ಶನಿವಾರ ಆ ಬಾಕ್ಸ್ ಪೂರ್ತಿ ಕೆಟ್ಟಿತು. ಈ ಸಲದ ಬಿಸಿಲಿಗೆ ಮುಟ್ಟಲಾಗದಷ್ಟು ಕಾಯುತ್ತಿತ್ತು, ಪಾಪ. ಕೇಬಲ್ ಹುಡುಗ ಹೊಸ ಬಾಕ್ಸ್ ತಂದ. ಎಚ್‌ಡಿಎಂಐ ವೈರು ಸಿಕ್ಕಿಸಿದ. ಹೊಸ ರಿಮೋಟು ಅವ್ವನ ಕೈಗೆ ಕೊಟ್ಟ. ಉದ್ದ ಬೇರೆ, ಬಟನ್‌ಗಳ ಜಾಗ ಬೇರೆ. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಎದೆ ಧಸಕ್ ಅಂದಿತ್ತು.

ಅವ್ವ ರಿಮೋಟನ್ನು ತಿರುಗಿಸಿ, ಮುರುಗಿಸಿ ನೋಡಿದಳು. ಹೆಬ್ಬೆರಳಲ್ಲಿ 5 ಹುಡುಕಿಕೊಂಡಳು. ಆಮೇಲೆ ಹುಡುಗನನ್ನು ಕೇಳಿದಳು, "ತಮ್ಮಾ, ಇದರಲ್ಲಿ ಡಬ್ಬಿ ಎಬ್ಬಿಸೋದು ಯಾವುದು, ಟಿವಿ ಎಬ್ಬಿಸೋದು ಯಾವುದು? ಒತ್ತಿದ್ ಮೇಲೆ ಎಷ್ಟು ಹೊತ್ತು ಕಾಯಬೇಕು?"

ಅವನು ತೋರಿಸಿದ. ಅವಳು ಎರಡು ಸಲ ತಾನೇ ಮಾಡಿ ನೋಡಿದಳು. ಅವನು ಹೋದ ಮೇಲೆ ಹೊಲಿಗೆ ಮಿಷನ್ನಿನ ಡ್ರಾಯರ್ ಎಳೆದು ಕತ್ತರಿ, ಟೇಪು ತೆಗೆದುಕೊಂಡು ನೆಲದ ಮೇಲೆ ಕೂತಳು. ರಿಮೋಟಿನ ಅಳತೆ ತೆಗೆಯುತ್ತ, ತಲೆ ಎತ್ತದೆ ಕೇಳಿದಳು.

"ಪುಟ್ಟಿ, ಆ ಉಗುರಿನ ಬಣ್ಣ ಎಲ್ಲಿಟ್ಟೀಯೇ?"